ಚೆಂಡು ಹೋದ ಮೇಲೆ

ಸಂಜೆ 5 ಗಂಟೆಯ ಮೇಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮೈದಾನದ ಪಕ್ಕದಲ್ಲಿ ಹಾದುಹೋಗತಕ್ಕವರಿಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುವುದು. ಧೂಳಿನ ಮಧ್ಯದಲ್ಲಿ ಒಬ್ಬ ಹುಡುಗನು ಕಾಲನ್ನು ಹಿಡಿದುಕೊಂಡು ಕುಳಿತಿರುವನು, ಮತ್ತೊಬ್ಬನು ಎರಡು ಕೈಗಳನ್ನೂ ಮೇಲೆತ್ತಿ ನಿಂತು, “ನಾನು ಚೆಂಡಿಗೇ ಹೋದೆ!” ಎಂದು ಸಾಧಿಸುತ್ತಿರುವನು. ಸುತ್ತಲೂ ನೆರೆದವರಲ್ಲಿ ಅರ್ಧ ಜನ ಹೌದೆನ್ನುವರು, ಅರ್ಧ ಜನ ಅಲ್ಲವೆನ್ನುವರು. ಚಾಮರಾಜಪೇಟೆಯಲ್ಲಿಯೂ ಇದೇ ವಿವಾದ, ಮಲ್ಲೇಶ್ವರದಲ್ಲಿಯೂ ಇದೇ ವಿವಾದ. ಮೊನ್ನೆ ನೆರೆಮನೆಯ ಹುಡುಗನು ಮೊಣಕಾಲು ತರೆದುಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕುಳಿತು, “ತಾತ, ಅವನು ಮೊದಲು ಚೆಂಡನ್ನೇ ಮುಟ್ಟಿದನಂತೆ. ಹಾಗಾದರೆ ಆಮೇಲೆ ನನ್ನ ಕಾಲಿಗೆ ಹೊಡೆದದ್ದು ತಪ್ಪಲ್ಲವೆ?” ಎಂದು ಕೇಳಿದನು.

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಸಂಸ್ಕೃತದ ಉಪಾಧ್ಯಾಯರಾಗಿದ್ದ ನಮಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮೇಲೆ ಒಂದು ಹಳೆಯ ಸಾಲವಿರುವುದು. ಅದನ್ನು ಮೊದಲು ಒಪ್ಪಿಕೊಂಡು, ಬಳಿಕ ಶಾಸ್ತ್ರದ ಮಾತಿಗೆ ಬರುವೆವು.

1993ನೆಯ ಇಸವಿಯಲ್ಲಿ ನಾವು ಒಂದು ಪ್ರೌಢಶಾಲೆಯಲ್ಲಿ ಶಬ್ದರೂಪಗಳನ್ನೂ ರಘುವಂಶವನ್ನೂ ಹೇಳಿಕೊಡುತ್ತಿದ್ದೆವು. ಒಂದು ಶನಿವಾರ 9ನೆಯ ತರಗತಿಗೂ 10ನೆಯ ತರಗತಿಗೂ ಫುಟ್ಬಾಲ್ ಪಂದ್ಯವು ಗೊತ್ತಾಗಿತ್ತು. ವ್ಯಾಯಾಮದ ಉಪಾಧ್ಯಾಯರಿಗೆ ಜ್ವರ. ಮುಖ್ಯೋಪಾಧ್ಯಾಯರು ನಮ್ಮ ಕೈಗೆ ಸೀಟಿಯನ್ನು ಕೊಟ್ಟು, “ರಾಯರೆ, ಹುಡುಗರು ನಿಮಗೆ ಹೆದರುತ್ತಾರೆ; ಅಷ್ಟೇ ಸಾಕು” ಎಂದರು. ನಾವೂ ಅಷ್ಟೇ ಸಾಕೆಂದುಕೊಂಡು ಪಂಚೆಯನ್ನು ಎತ್ತಿ ಕಟ್ಟಿ ಮೈದಾನಕ್ಕಿಳಿದೆವು. ಆಟ ಮುಗಿಯಲು ಇನ್ನು ಕೆಲವೇ ನಿಮಿಷಗಳಿದ್ದಾಗ 9ನೆಯ ತರಗತಿಯ ಸಣ್ಣ ಹುಡುಗನೊಬ್ಬನು ದೂರದಿಂದ ಚೆಂಡನ್ನು ಬಲವಾಗಿ ಒದ್ದನು. ಚೆಂಡು ಗಾಳಿಯಲ್ಲಿ ಸುತ್ತುತ್ತ ಹೋಯಿತು. ಅದರ ಜೊತೆಯಲ್ಲಿಯೇ ಮೈದಾನದ ಎಲ್ಲರ ತಲೆಗಳೂ ತಿರುಗಿದವು, ನಮ್ಮದೂ ತಿರುಗಿತು. ಗೋಲಾಯಿತು. ಸೀಟಿ ಊದಿ ಹಿಂದಿರುಗಿ ನೋಡುವಷ್ಟರಲ್ಲಿ ಆ ಹುಡುಗನು ನೆಲದ ಮೇಲೆ ಬಿದ್ದಿದ್ದನು. ಅವನ ಕಣಕಾಲಿನ ಮೂಳೆ ಮುರಿದಿತ್ತು. ಅವನ ಮೇಲೆ ಬಿದ್ದಿದ್ದ 10ನೆಯ ತರಗತಿಯ ಎತ್ತರದ ಹುಡುಗನು ಎದ್ದು ನಡುಗುತ್ತ, “ನಾನು ಚೆಂಡಿಗೇ ಹೋದೆ ಸಾರ್” ಎಂದು ಅಳುವುದಕ್ಕೆ ಮೊದಲುಮಾಡಿದನು.

ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಮ್ಮನ್ನು ಎರಡು ಪ್ರಶ್ನೆಗಳನ್ನು ಕೇಳಿದರು. ಏಟು ಬಿದ್ದದ್ದು ಚೆಂಡು ಹೋಗುವುದಕ್ಕೆ ಮುಂಚೆಯೋ, ಹೋದ ಮೇಲೆಯೋ? ಬೇಕೆಂದು ಹೊಡೆದನೋ, ಅಕಸ್ಮಾತ್ತಾಗಿ ತಗುಲಿತೋ? ನಾವು ನೋಡಿದ್ದುದು ಚೆಂಡನ್ನು ಮಾತ್ರ. ಹಾಗೆಂದು ಹೇಳುವುದಕ್ಕೆ ನಾಚಿಕೆಯಾಗಿ, “ಬೇಕೆಂದೇ ಹೊಡೆದ ಹಾಗೆ ತೋರುತ್ತದೆ” ಎಂದುಬಿಟ್ಟೆವು. ಆ ಹುಡುಗನಿಗೆ ವರ್ಷವೆಲ್ಲ ಆಟದಿಂದ ಬಹಿಷ್ಕಾರವಾಯಿತು. ಗಾಯಗೊಂಡವನು ತಿಂಗಳುಗಟ್ಟಲೆ ಪ್ಲಾಸ್ಟರ್ ಕಟ್ಟಿನಲ್ಲಿದ್ದು ಕಡೆಗೆ ಗುಣಮುಖನಾದನು. ಇನ್ನೊಬ್ಬನ ವಿಚಾರವನ್ನು ಕೊನೆಯಲ್ಲಿ ಹೇಳುವೆವು.

ಅಂದಿನಿಂದ ಈ ಆಟದ ಕಾನೂನನ್ನು ಸ್ಮೃತಿಯನ್ನು ಓದುವ ಹಾಗೆಯೇ ಓದುತ್ತ ಬಂದಿರುವೆವು. ಈ ಕಾನೂನಿನ ಹುಟ್ಟಿನಲ್ಲಿಯೇ ಕಾಲಿನ ಏಟಿನ ಜಗಳವಿರುವುದು. 1863ರಲ್ಲಿ ಲಂಡನ್ ನಗರದಲ್ಲಿ ಹಲವು ಕ್ಲಬ್ಬುಗಳವರು ಸೇರಿ ಫುಟ್ಬಾಲ್ ಸಂಘವನ್ನು ಸ್ಥಾಪಿಸಿದಾಗ, ಎದುರಾಳಿಯ ಕಣಕಾಲಿಗೆ ಒದೆಯುವುದು ಆಟದ ಅಂಗವೆಂದು ಕೆಲವರೂ, ಅನಾಗರಿಕವೆಂದು ಕೆಲವರೂ ವಾದಿಸಿದರು. ಒದೆಯುವುದನ್ನು ನಿಷೇಧಿಸಿದ ಕಾರಣದಿಂದಲೇ ಬ್ಲಾಕ್‌ಹೀತ್ ಕ್ಲಬ್ಬಿನವರು ಸಂಘವನ್ನು ಬಿಟ್ಟು ಹೋದರು. ಮೊದಮೊದಲು ಮರ್ಯಾದಸ್ಥರು ತಪ್ಪು ಮಾಡಲಾರರೆಂಬ ನಂಬಿಕೆ. ಬಳಿಕ ಪಕ್ಷಕ್ಕೊಬ್ಬ ಅಂಪೈರು ಬಂದನು. ಅವರಿಬ್ಬರಿಗೂ ಒಮ್ಮತವಾಗದಿದ್ದರೆ ಹೊರಗೆ ನಿಂತ ರೆಫರಿಯನ್ನು ಕೇಳುವ ಪದ್ಧತಿಯಾಯಿತು. ರೆಫರಿಯು ಮೈದಾನದೊಳಕ್ಕೆ ಕಾಲಿಟ್ಟದ್ದು 1891ರಲ್ಲಿ. ದೂರದಲ್ಲಿ ನಿಂತು ಕೇಳಿ ತಿಳಿಯುವುದಕ್ಕಿಂತ ಹತ್ತಿರವಿದ್ದು ಕಂಡು ತಿಳಿಯುವುದು ಮೇಲೆಂಬುದು ಇದರ ತಾತ್ಪರ್ಯ.

ನಮ್ಮ ಬೆಂಗಳೂರಿಗೆ ಈ ಆಟವು ಹೊಸದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮೂರ ತಂಡವೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿಗೆ 2–1ರಲ್ಲಿ ಸೋತಾಗ, ನಮ್ಮವರ ಒಂದೇ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್ ಅವರು. ಆ ದಿನ ನಮ್ಮವರಲ್ಲಿ ಹೆಚ್ಚು ಮಂದಿ ಬರಿಗಾಲಿನಲ್ಲಿ ಆಡಿದರು. ಎದುರಾಳಿಗಳ ಕಾಲಿನಲ್ಲಿ ಬೂಟು, ನಮ್ಮವರ ಕಾಲು ಬರಿಗಾಲು. ಒದೆಯುವವನ ಕಾಲನ್ನು ಕಾನೂನು ಏಕೆ ಕಾಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನವೇಕೆ?

ಈಗ ಕಾನೂನಿನ ಮಾತು. ಆಟದ ನಿಯಮಗಳಲ್ಲಿ 12ನೆಯದು ತಪ್ಪುಗಳನ್ನು ಕುರಿತದ್ದು. ಎದುರಾಳಿಯ ಮೇಲೆ ಬೀಳುವುದು, ಒದೆಯುವುದು, ಎಡವಿಸುವುದು, ಚೆಂಡನ್ನು ಕಸಿಯಲು ಕಾಲು ಚಾಚುವುದು ಇವೆಲ್ಲವನ್ನೂ ಅದು ಮೂರು ತರಗತಿಗಳಾಗಿ ವಿಂಗಡಿಸುವುದು. ಮೊದಲನೆಯದು ಅಜಾಗರೂಕತೆ: ಎದುರಾಳಿಯ ಕಡೆಗೆ ಲಕ್ಷ್ಯವಿಡದೆ ಆಡಿದ್ದು. ಇದಕ್ಕೆ ಫ್ರೀ ಕಿಕ್ ಮಾತ್ರ, ಕಾರ್ಡಿಲ್ಲ. ಎರಡನೆಯದು ದುಡುಕು: ಎದುರಾಳಿಗೆ ಅಪಾಯವಾದೀತೆಂಬುದನ್ನು ಲೆಕ್ಕಿಸದೆ ಆಡಿದ್ದು. ಇದಕ್ಕೆ ಹಳದಿ ಕಾರ್ಡು. ಮೂರನೆಯದು ಮಿತಿಮೀರಿದ ಬಲ: ಬೇಕಾದುದಕ್ಕಿಂತ ಹೆಚ್ಚಿನ ಬಲದಿಂದ ನುಗ್ಗಿ ಎದುರಾಳಿಯ ದೇಹಕ್ಕೆ ಅಪಾಯವೊಡ್ಡಿದ್ದು. ಇದಕ್ಕೆ ಕೆಂಪು ಕಾರ್ಡು. ಆಡಿದವನು ಮೈದಾನದಿಂದ ಹೊರಕ್ಕೆ. ತಪ್ಪು ನಡೆದದ್ದು ಸ್ವಂತ ಪೆನಾಲ್ಟಿ ಕ್ಷೇತ್ರದೊಳಗಾದರೆ ಎದುರಾಳಿಗಳಿಗೆ ಪೆನಾಲ್ಟಿ ಸಲ್ಲುವುದು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ‘ಬೇಕೆಂದು’ ಎಂಬ ಮಾತು ಈ ಮೂರು ತರಗತಿಗಳಲ್ಲಿ ಎಲ್ಲಿಯೂ ಇಲ್ಲ. ಹಿಂದಿನ ನಿಯಮಗಳಲ್ಲಿ ಅದಿದ್ದಿತು. 1995ರ ಪರಿಷ್ಕರಣದಲ್ಲಿ ಅದನ್ನು ತೆಗೆದುಹಾಕಿದರು. ಪರರ ಮನಸ್ಸಿನೊಳಗೆ ಏನಿದೆಯೆಂದು ಯಾರು ಬಲ್ಲರು? ಕಾಲು ಹೋದ ರೀತಿಯಾದರೋ ಕಣ್ಣಿಗೆ ಕಾಣುವುದು. ಆದುದರಿಂದ ರೆಫರಿಯು ಸಂಕಲ್ಪವನ್ನು ಬಿಟ್ಟು ಕ್ರಿಯೆಯನ್ನು ಹಿಡಿಯುವನು. ‘ನಾನು ಚೆಂಡಿಗೇ ಹೋದೆ’ ಎಂಬುದು ಸಂಕಲ್ಪದ ಮಾತು. ಅದು ನಿಜವೇ ಆಗಿದ್ದರೂ ತಪ್ಪನ್ನು ತೊಡೆದುಹಾಕಲಾರದು. ಚೆಂಡನ್ನು ಮೊದಲು ಮುಟ್ಟಿದರೂ, ಆ ಮುಟ್ಟಿದ ಕಾಲು ಅದೇ ವೇಗದಲ್ಲಿ ಮುಂದುವರಿದು ಎದುರಾಳಿಯ ಮೂಳೆಯನ್ನು ಮುರಿಯುವಂತಿದ್ದರೆ ಅದು ತಪ್ಪೇ ಸರಿ. ನೆರೆಮನೆಯ ಹುಡುಗನ ಪ್ರಶ್ನೆಗೆ ಇದೇ ಉತ್ತರ.

ಹಾಗಾದರೆ ರೆಫರಿಯು ಯಾವ ಯಾವ ಕುರುಹುಗಳನ್ನು ನೋಡುವನು? ಬರುವವನ ವೇಗವೆಷ್ಟು, ಎಷ್ಟು ದೂರದಿಂದ ನುಗ್ಗಿದನು, ಕಾಲು ನೆಲದ ಮೇಲೆ ಜಾರುತ್ತ ಬಂದಿತೋ, ಗಾಳಿಯಲ್ಲಿ ಹಾರುತ್ತ ಬಂದಿತೋ, ಬೂಟಿನ ತಳದ ಮುಳ್ಳುಗಳು ಎದುರಾಳಿಯ ಕಡೆಗೆ ತಿರುಗಿದ್ದವೋ, ಒಂದು ಕಾಲೋ, ಎರಡೂ ಕಾಲುಗಳೋ, ಏಟು ಪಾದಕ್ಕೆ ಬಿದ್ದಿತೋ, ಮೊಣಕಾಲಿಗೆ ಬಿದ್ದಿತೋ, ಚೆಂಡು ಇನ್ನೂ ಆಡುವಷ್ಟು ಸಮೀಪದಲ್ಲಿತ್ತೋ, ಆಗಲೇ ದೂರ ಹೋಗಿತ್ತೋ. ಈ ಕಡೆಯ ಕುರುಹು ಬಹಳ ಮುಖ್ಯವಾದದ್ದು. ಚೆಂಡನ್ನು ಒದೆಯುವವನ ದೇಹಸ್ಥಿತಿಯನ್ನು ಯೋಚಿಸಿರಿ. ಒಂದು ಕಾಲು ಗಾಳಿಯಲ್ಲಿ. ಮೈಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ದೃಷ್ಟಿ ಚೆಂಡಿನ ಮೇಲೆ. ಆ ಕ್ಷಣದಲ್ಲಿ ಅವನು ಹಾರಲಾರನು, ತಪ್ಪಿಸಿಕೊಳ್ಳಲಾರನು. ಚೆಂಡು ಹೋದ ಮೇಲಂತೂ ಅವನು ನ್ಯಸ್ತಶಸ್ತ್ರನು, ಎಂದರೆ ಆಯುಧವನ್ನು ಕೆಳಗಿಟ್ಟವನು. ಅಂಥವನನ್ನು ಹೊಡೆಯಕೂಡದೆಂಬುದು ನಮ್ಮ ಯುದ್ಧಧರ್ಮದಲ್ಲಿಯೇ ಉಂಟು, ಆಟದಲ್ಲಿ ಕೇಳಬೇಕೆ?

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಆ ದೇಶದ ಫುಟ್ಬಾಲನ್ನು ದೂರದರ್ಶನದಲ್ಲಿ ನೋಡಿದೆವು. ಅದು ಬೇರೆಯೇ ಆಟ. ಶಿರಸ್ತ್ರಾಣವನ್ನೂ ಕವಚವನ್ನೂ ಧರಿಸಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವರು. ಒಬ್ಬರ ಮೇಲೊಬ್ಬರು ಬಿದ್ದು ಕೆಡಹುವುದೇ ಅಲ್ಲಿ ನ್ಯಾಯ. ಅಷ್ಟು ಒರಟಾದ ಆಟದಲ್ಲಿಯೂ ಇಬ್ಬರಿಗೆ ವಿಶೇಷ ರಕ್ಷೆಯಿರುವುದು: ಚೆಂಡನ್ನು ಮುಂದಕ್ಕೆ ಎಸೆಯುವವನಿಗೆ ಮತ್ತು ಒದೆಯುವವನಿಗೆ. ಎಸೆಯುವವನ ಕೈಯಿಂದ ಚೆಂಡು ಬಿಟ್ಟುಹೋದ ಮೇಲೆ ಅವನ ಮೇಲೆ ನುಗ್ಗಿ ಬರುತ್ತಿದ್ದವನಿಗೆ ಸುಮಾರು ಒಂದು ಹೆಜ್ಜೆಯಷ್ಟೇ ವಿನಾಯಿತಿ. ಆಮೇಲೂ ಹೊಡೆದರೆ 15 ಗಜಗಳ ದಂಡ. ಒದೆಯುವವನು ಊರಿ ನಿಂತ ಕಾಲಿಗೆ ಬಿದ್ದರೆ 15 ಗಜ. ಸುಮ್ಮನೆ ತಗುಲಿದರೆ 5 ಗಜ. ಒದೆದ ಚೆಂಡನ್ನು ಮೊದಲು ಮುಟ್ಟಿ, ಆ ಪ್ರಯತ್ನದಲ್ಲಿಯೇ ಅವನಿಗೆ ತಗುಲಿದ್ದರೆ ಅಲ್ಲಿ ತಪ್ಪಿಲ್ಲ; ಈ ಅಂಶದಲ್ಲಿ ಅವರ ಕಾನೂನು ನಮ್ಮ ಆಟದ ಕಾನೂನಿಗಿಂತ ಸಡಿಲವಾದದ್ದು. ಒದೆಯುವವನ ಕಡೆಯವರೇ ಎದುರಾಳಿಯನ್ನು ಅವನ ಮೇಲೆ ತಳ್ಳಿದ್ದರೆ ಆಗಲೂ ತಪ್ಪಿಲ್ಲ.

ಆದರೆ ನಮ್ಮನ್ನು ಹೆಚ್ಚಾಗಿ ಸೆಳೆದದ್ದು ಅಲ್ಲಿನ ಮುಖ್ಯ ರೆಫರಿ ನಿಲ್ಲುವ ಸ್ಥಳ. ಬಿಳಿಯ ಟೋಪಿಯನ್ನು ಹಾಕಿಕೊಂಡ ಆತನು ಎಸೆಯುವವನ ಹಿಂಭಾಗದಲ್ಲಿ ನಿಲ್ಲುವನು. ಚೆಂಡು ಹಾರಿದಾಗ ಸಾವಿರಾರು ಜನ ಅದನ್ನೇ ನೋಡುತ್ತಿದ್ದರೂ ಆತನು ಅತ್ತ ಕಣ್ಣು ಹಾಯಿಸುವುದಿಲ್ಲ. ಎಸೆದವನ ಮೈಯಿಂದ ದೃಷ್ಟಿಯನ್ನು ತೆಗೆಯುವುದಿಲ್ಲ. ಚೆಂಡನ್ನು ನೋಡಲು ಬೇರೆ ಅಧಿಕಾರಿಗಳಿರುವರು. ನಮ್ಮ ಫುಟ್ಬಾಲಿನಲ್ಲಿಯೂ ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡುತ್ತ, ಆಟವು ತನಗೂ ಪಕ್ಕದ ಗೆರೆಯ ಸಹಾಯಕನಿಗೂ ನಡುವೆ ಇರುವಂತೆ ನೋಡಿಕೊಳ್ಳುವ ಕ್ರಮವನ್ನು ಪ್ರಚಾರಕ್ಕೆ ತಂದವರು ಸ್ಟ್ಯಾನ್ಲಿ ರೌಸ್ ಎಂಬವರು. ಅವರೂ ಮೊದಲು ಶಾಲೆಯ ಉಪಾಧ್ಯಾಯರೇ. ದೂರಕ್ಕೆ ಒದ್ದ ಚೆಂಡನ್ನು ಸಹಾಯಕನು ನೋಡಿಕೊಳ್ಳುವನು. ಒದ್ದವನ ಕಾಲನ್ನು ಒಂದೆರಡು ಕ್ಷಣ ನೋಡಿ ಬಳಿಕ ತಿರುಗುವುದು ರೆಫರಿಯ ಕೆಲಸ. ಅದೊಂದನ್ನು ಬಲ್ಲವನಾಗಿದ್ದರೆ ನಾವು ಅಂದು ಮೋಸ ಹೋಗುತ್ತಿರಲಿಲ್ಲ.

ಈ ವಿವೇಚನೆಯೆಲ್ಲ ಪಶ್ಚಿಮದವರದೇ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೊಡೆತಬಡಿತಗಳಿಗೆ ದಂಡಪಾರುಷ್ಯವೆಂಬ ಪ್ರಕರಣವೇ ಇರುವುದು. ಮೂಗುದಾರ ಹರಿದುಹೋದ ಅಥವಾ ನೊಗ ಮುರಿದುಹೋದ ಬಂಡಿಯಿಂದ ಯಾರಿಗಾದರೂ ಪೆಟ್ಟಾದರೆ ಒಡೆಯನಿಗೆ ದೋಷವಿಲ್ಲ. ಕೋರೆಯ ಪ್ರಾಣಿಯೋ ಕೊಂಬಿನ ಪ್ರಾಣಿಯೋ ಒಬ್ಬನನ್ನು ಹಿಂಸಿಸುತ್ತಿರುವಾಗ, ಬಿಡಿಸುವುದಕ್ಕೆ ಶಕ್ತನಾಗಿದ್ದೂ ಒಡೆಯನು ಬಿಡಿಸದಿದ್ದರೆ ದಂಡವುಂಟು. ಹಿಂಸೆಗೊಳಗಾದವನು ಕೂಗಿಕೊಂಡಿದ್ದೂ ಬಿಡಿಸದಿದ್ದರೆ ದಂಡವು ಇಮ್ಮಡಿ. ಹೀಗೆ ಸ್ಮೃತಿಕಾರನ ಪ್ರಶ್ನೆಯು ಒಂದೇ: ತಪ್ಪಿಸಲು ಶಕ್ತನಾಗಿದ್ದನೋ, ಇಲ್ಲವೋ? ರೆಫರಿಯ ಪ್ರಶ್ನೆಯೂ ಅದೇ ಅಲ್ಲವೆ? ಚೆಂಡು ಹೋದದ್ದನ್ನು ಕಂಡ ಮೇಲೆ ಕಾಲನ್ನು ಹಿಂದಕ್ಕೆ ಸೆಳೆದುಕೊಳ್ಳಲು ಅವನಿಗೆ ಸಾಧ್ಯವಿತ್ತೋ? ಸಾಧ್ಯವಾಗದಷ್ಟು ವೇಗವನ್ನು ತಾನಾಗಿ ತಂದುಕೊಂಡನೋ? ಅಥವಾ ಬೇರೊಬ್ಬರು ಅವನ ಮೂಗುದಾರವನ್ನು ಹರಿದರೋ?

ಮಹಾಭಾರತದ ಗದಾಯುದ್ಧವನ್ನು ರನ್ನನ ಕಾವ್ಯದ ಮೂಲಕ ಕನ್ನಡಿಗರೆಲ್ಲರೂ ಬಲ್ಲರು. ನಾಭಿಯ ಕೆಳಗೆ ಹೊಡೆಯಕೂಡದೆಂಬುದು ಆ ಯುದ್ಧದ ನಿಯಮ. ವ್ಯಾಸರ ಶಲ್ಯಪರ್ವದಲ್ಲಿ ಭೀಮನ ಏಟನ್ನು ತಪ್ಪಿಸಿಕೊಳ್ಳಲು ದುರ್ಯೋಧನನು ಮೇಲಕ್ಕೆ ಹಾರಿದಾಗ ಗದೆಯು ಅವನ ತೊಡೆಗಳ ಮೇಲೆ ಬಿದ್ದಿತು. ಇಬ್ಬರಿಗೂ ಗುರುವಾದ ಬಲರಾಮನು ಅದನ್ನು ಕಣ್ಣಾರೆ ಕಂಡು ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ನುಗ್ಗಿದನು. ಭೀಮನು ಸಭೆಯಲ್ಲಿ ಮಾಡಿದ ಪ್ರತಿಜ್ಞೆಯನ್ನು ಶ್ರೀಕೃಷ್ಣನು ನೆನಪಿಗೆ ತಂದು ತಡೆದನು. ಬಲರಾಮನು ನಿಂತನೇ ಹೊರತು ಒಪ್ಪಲಿಲ್ಲ, ದ್ವಾರಕೆಗೆ ಹೊರಟುಹೋದನು. ಪಾಂಡವರ ಪಕ್ಷಪಾತಿಗಳಾದ ನಮಗೆ ಬಲರಾಮನ ಕೋಪವು ಬಾಲ್ಯದಲ್ಲಿ ಹಿಡಿಸುತ್ತಿರಲಿಲ್ಲ. ಈಗ ವಿಚಾರಿಸಿದರೆ, ಅಂದು ಅಲ್ಲಿದ್ದವರಲ್ಲಿ ಏಟು ಎಲ್ಲಿ ಬಿದ್ದಿತೆಂಬುದೊಂದನ್ನೇ ನೋಡಿದವನು ಅವನು. ಯಾರಿಗೆ ಜಯವಾಗಬೇಕಾಗಿತ್ತು, ಹಿಂದೆ ಯಾರು ಯಾರಿಗೆ ಏನು ಮಾಡಿದ್ದರು ಎಂಬುದು ಮಧ್ಯಸ್ಥನ ಲೆಕ್ಕಕ್ಕೆ ಬರಕೂಡದು. ಹಾರಿದ್ದರಿಂದ ತೊಡೆಯು ಗದೆಗೆ ಸಿಕ್ಕಿತೋ, ಗದೆಯೇ ತೊಡೆಯನ್ನು ಹುಡುಕಿಕೊಂಡು ಬಂದಿತೋ ಎಂಬುದಾದರೋ ಲೆಕ್ಕಕ್ಕೆ ಬರಬೇಕು. ಇಂದಿನ ರೆಫರಿಯೂ ಇದನ್ನೇ ತೂಗುವನು.

ಕಣ್ಣಿಗೆ ಈಗ ಯಂತ್ರದ ಸಹಾಯವೂ ಬಂದಿದೆ. 2018ರ ವಿಶ್ವ ಕಪ್ಪಿನಲ್ಲಿ ರೆಫರಿಗಳು ವೀಡಿಯೋ ಚಿತ್ರವನ್ನು ನೋಡಿ ತೀರ್ಪನ್ನು ತಿದ್ದುವ ಕ್ರಮವು ಜಾರಿಗೆ ಬಂದಿತು. ಅದರಲ್ಲಿಯೂ ಒಂದು ವಿವೇಕವಿದೆ: ಏಟು ಎಲ್ಲಿ ತಗುಲಿತೆಂಬುದನ್ನು ತಿಳಿಯಲು ಚಿತ್ರವನ್ನು ನಿಧಾನವಾಗಿ ಓಡಿಸಬಹುದು, ಏಟಿನ ತೀವ್ರತೆಯನ್ನು ಅಳೆಯಲು ಮಾತ್ರ ಸಹಜ ವೇಗದಲ್ಲಿಯೇ ನೋಡಬೇಕು. ನಿಧಾನದ ಚಿತ್ರದಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಎಷ್ಟೋ ಸಮಯವಿದ್ದ ಹಾಗೆ ತೋರುವುದು. ಆಡುವವನಿಗೆ ಇದ್ದುದು ಕಣ್ಣು ಮಿಟುಕಿಸುವಷ್ಟೇ.

ಸೀಟಿಯನ್ನು ಯಾವಾಗ ಊದಬೇಕೆಂಬುದರಲ್ಲಿಯೂ ಧರ್ಮಸೂಕ್ಷ್ಮವಿರುವುದು. ಒದೆದವನಿಗೆ ಏಟು ಬಿದ್ದರೂ ಚೆಂಡು ಅವನ ಸಂಗಡಿಗನಿಗೆ ಸೇರಿ ಗೋಲಾಗುವಂತಿದ್ದರೆ ರೆಫರಿಯು ಕೈಚಾಚಿ ಆಟವನ್ನು ಮುಂದುವರಿಸಬಹುದು. ಏಕೆಂದರೆ ತಪ್ಪು ಮಾಡಿದವನಿಗೆ ಆ ತಪ್ಪಿನಿಂದ ಲಾಭವಾಗಕೂಡದು. ಚೆಂಡು ಮುಂದೆ ನಿಂತಾಗ ಹಿಂದಿರುಗಿ ಬಂದು ಕಾರ್ಡನ್ನು ತೋರಿಸುವನು. ಚೆಂಡು ಗೆರೆಯನ್ನು ದಾಟಿ ಹೋದ ಮೇಲೆ ಏಟು ಬಿದ್ದರೆ ಫ್ರೀ ಕಿಕ್ಕಿಗೆ ಅವಕಾಶವಿಲ್ಲ, ಆದರೆ ಕಾರ್ಡಿಗೆ ಅವಕಾಶವುಂಟು. ಫ್ರೀ ಕಿಕ್ ದೊರೆತವರು ಎದುರಾಳಿಗಳು ಸಾಲುಗಟ್ಟಿ ನಿಲ್ಲುವವರೆಗೂ ಕಾಯಬೇಕಾದುದಿಲ್ಲ. 2023ರ ಮಾರ್ಚಿ 3ರಂದು ನಮ್ಮ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೇತ್ರಿಯವರು ಹೀಗೆಯೇ ತಕ್ಷಣ ಒದ್ದು ಗೋಲು ಮಾಡಿದಾಗ, ಕೇರಳ ಬ್ಲಾಸ್ಟರ್ಸ್ ತಂಡದವರು ತೀರ್ಪನ್ನು ಒಪ್ಪದೆ ಮೈದಾನವನ್ನೇ ಬಿಟ್ಟು ಹೋದರು; ಪಂದ್ಯವು ಬೆಂಗಳೂರಿನದಾಯಿತು, ಬಿಟ್ಟು ಹೋದವರಿಗೆ 4 ಕೋಟಿ ರೂಪಾಯಿ ದಂಡವಾಯಿತು.

ಇನ್ನು ನಮ್ಮ ಸಾಲದ ಮಾತು. ಬಹಿಷ್ಕಾರಕ್ಕೆ ಗುರಿಯಾದ ಆ ಎತ್ತರದ ಹುಡುಗನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಒಂದು ಸಂಜೆ ಗಾಂಧಿ ಬಜಾರಿನ ಹೂವಿನ ಅಂಗಡಿಯ ಮುಂದೆ ನಮಗೆ ಸಿಕ್ಕಿದನು. ಕೈಯಲ್ಲಿ ಮಗುವಿತ್ತು. “ನಮಸ್ಕಾರ ಸಾರ್” ಎಂದು ತಾನೇ ಗುರುತು ಹೇಳಿಕೊಂಡನು. ಕುಶಲಪ್ರಶ್ನೆಗಳಾದ ಮೇಲೆ ನಾವು ಧೈರ್ಯಮಾಡಿ, ಆ ದಿನ ನಿಜವಾಗಿ ಏನಾಯಿತಪ್ಪಾ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಕಡೆಯವನೇ ಒಬ್ಬ ನನ್ನನ್ನು ಹಿಂದಿನಿಂದ ತಳ್ಳಿದ ಸಾರ್. ಅವತ್ತೇ ಹೇಳೋಣ ಅಂತ ನಿಮ್ಮ ಹತ್ತಿರ ಬಂದೆ. ನೀವು, ಮಾತಾಡಬೇಡ ಹೋಗು ಅಂದಿರಿ” ಎಂದನು. ನಾವು ಕ್ಷಮೆ ಕೇಳಿದೆವು. “ಬಿಡಿ ಸಾರ್, ಹಳೇ ಮಾತು. ಆಮೇಲೆ ನಾನು ಆಡೋದಕ್ಕೆ ಹೋಗಲಿಲ್ಲ, ಅಷ್ಟೇ” ಎಂದು ಮಗುವಿನ ತಲೆಯನ್ನು ಸವರಿದನು.

ಅವನು ಹೇಳಿದ್ದು ನಿಜವೆಂದೇ ನಮ್ಮ ಮನಸ್ಸು ಹೇಳುವುದು. ಆದರೆ ಸಾಕ್ಷಿ ಹೇಳೆಂದರೆ ಇಂದಿಗೂ ಹೇಳಲಾರೆವು. ನಾವು ಚೆಂಡನ್ನು ನೋಡುತ್ತಿದ್ದೆವಷ್ಟೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವೇನೆಂದರೆ, ಮಕ್ಕಳ ಪಂದ್ಯವನ್ನು ನೋಡಲು ಹೋದಾಗ ಚೆಂಡು ಹೋದ ಮೇಲೆ ಒಂದು ಕ್ಷಣ ಒದೆದವನ ಮೇಲೆಯೇ ದೃಷ್ಟಿಯಿಡಿರಿ. ರೆಫರಿಯ ಕಷ್ಟವು ಆಗ ತಿಳಿಯುವುದು. ಮಕ್ಕಳು ಕಣಕಾಲಿಗೆ ಪಟ್ಟಿಯಿಲ್ಲದೆ ಆಟಕ್ಕಿಳಿಯದಂತೆ ನೋಡಿಕೊಳ್ಳಿರಿ. ನಿಮ್ಮ ಹುಡುಗನೇ ಇನ್ನೊಬ್ಬನನ್ನು ಕೆಡವಿದ್ದರೆ, ಬೇಕೆಂದು ಮಾಡಿದೆಯಾ ಎಂದು ಗದರಿಸುವುದಕ್ಕೆ ಮುಂಚೆ ಹೇಗಾಯಿತೆಂದು ಕೇಳಿರಿ, ಅವನು ಹೇಳಿ ಮುಗಿಸುವವರೆಗೂ ಕೇಳಿರಿ. ಯಾರಾದರೂ ನಿಮ್ಮ ಕೈಗೇ ಸೀಟಿಯನ್ನು ಕೊಟ್ಟರೆ, ಕಾಣದ್ದನ್ನು ಕಾಣಲಿಲ್ಲವೆಂದು ಹೇಳುವ ಧೈರ್ಯವನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಿರಿ.

ನೆರೆಮನೆಯ ಹುಡುಗನಿಗೆ ಇಷ್ಟನ್ನೂ ಹೇಳಿ ಮೊಣಕಾಲಿಗೆ ಅರಿಸಿನ ಹಚ್ಚಿಸಿದೆವು. ಅವನು ಎಲ್ಲವನ್ನೂ ಕೇಳಿ, “ಹಾಗಾದರೆ ನಾಳೆ ನೀವೇ ಬಂದು ಸೀಟಿ ಊದಿ ತಾತ” ಎಂದನು. ಹೋಗುವುದಾಗಿ ಒಪ್ಪಿಕೊಂಡಿರುವೆವು.